ಹದಿನೇಳರ ಬಂಡಲ್ ಇಪ್ಪತ್ಮೂರಕ್ಕೆ ಹೋದ ವಾರ

ಶನಿವಾರ ಸಂಜೆ ಬಟವಾಡೆ ಹೊತ್ತಿಗೆ ಫೋನ್ ಬಂತು. ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಹೊಲಿಯುವ ಘಟಕ ಇದೆ. ಅಲ್ಲಿ ಯಾರು ಎಷ್ಟು ಪೀಸ್ ಹೊಲಿದರು ಅಂತ ಬರೆದಿಡುವ ಪುಟಗಳನ್ನು ಪಿಎಚ್‌ಪಿ ಅನ್ನೋ ವೆಬ್ ಭಾಷೆಯಲ್ಲಿ ಮಾಡಿಕೊಟ್ಟವನು ನಾನೇ. "ಹದಿನೇಳನೇ ನಂಬರಿನವರ ಲೆಕ್ಕ ತಾಳೆ ಆಗ್ತಿಲ್ಲ, ಸ್ವಲ್ಪ ಬಂದು ಹೋಗಪ್ಪ" ಅಂದರು ಮೇಸ್ತ್ರಿ.

ಹದಿನೇಳನೇ ನಂಬರಿನವರು ಅರವತ್ತು ದಾಟಿದ ಹಿರಿಯರು. ಜೇಬಿನಲ್ಲಿ ಸಣ್ಣ ನೋಟ್‌ಬುಕ್. ಬಂಡಲ್‌ಗೊಂದು ಗೆರೆ, ಐದಾದರೆ ಮೇಲೊಂದು ಅಡ್ಡಗೆರೆ. ಅದರಲ್ಲಿ ಆ ವಾರ ಒಂಬತ್ತು ಬಂಡಲ್. ಕಂಪ್ಯೂಟರ್‌ನಲ್ಲಿ ಏಳೇ. "ಎರಡು ಬಂಡಲ್ ಎಲ್ಲಿ ಹೋದವು ತಮ್ಮಾ? ನಾನೇನು ಸುಳ್ಳು ಬರೀತೀನಾ?" ಅಂದರು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಜಾಸ್ತಿ ಚುಚ್ಚಿತು. ಮೇಸ್ತ್ರಿಯೂ ಸುಳ್ಳು ಹೇಳುವವರಲ್ಲ. "ನಾನೇ ಕೈಯಾರೆ ಎಂಟ್ರಿ ಮಾಡೀನಿ. ಮೇಲೆ ಇವರ ಹೆಸರೇ ಇತ್ತು, ಸೇವ್ ಆಗಿದೆ ಅಂತಾನೂ ಬಂತು" ಅಂದರು.

ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ ಅಂತ ಪಕ್ಕದಲ್ಲಿ ಕೂತೆ.

ಪುಟ ತೆರೆದರು. ವಿಳಾಸದ ಕೊನೆಗೆ ಪ್ರಶ್ನೆ ಗುರುತು, ಆಮೇಲೆ ಐಡಿ=17. ಪುಟದ ತಲೆಯ ಮೇಲೆ ಹಿರಿಯರ ಹೆಸರು. ಕೆಳಗೆ ಫಾರ್ಮ್, ಅದರಲ್ಲಿ ಬೇರೆ ಕೆಲಸಗಾರರನ್ನು ಆರಿಸೋಕೆ ಒಂದು ಡ್ರಾಪ್‌ಡೌನ್. ಮೊದಲು 23 ಆರಿಸಿದರು. ಅಷ್ಟರಲ್ಲಿ ಹಿರಿಯರ ಬಂಡಲ್ ಬಂದು ಬಿತ್ತು ಅಂದುಕೊಳ್ಳಿ ಅಂತ ಹೇಳಿ, ಮೇಲಿನ ಹೆಸರು ಒಮ್ಮೆ ನೋಡಿ, 40 ಪೀಸ್ ಅಂತ ಹಾಕಿ ಸೇವ್ ಒತ್ತಿದರು. ಡ್ರಾಪ್‌ಡೌನ್ ಇನ್ನೂ 23ರಲ್ಲೇ ನಿಂತಿತ್ತು. ಪುಟ ಮತ್ತೆ ಬಂತು. ಅದೇ ಹೆಸರು, ಸೇವ್ ಆಗಿದೆ. ಆ 40 ಪೀಸ್ ಮಾತ್ರ 23ರ ಖಾತೆಗೆ ಹೋಗಿ ಕೂತಿತ್ತು.

ತಪ್ಪು ನನ್ನದು. ಡ್ರಾಪ್‌ಡೌನ್‌ಗೂ ಐಡಿ ಅಂತಲೇ ಹೆಸರಿಟ್ಟಿದ್ದೆ. ಫಾರ್ಮ್‌ನ ಆಕ್ಷನ್, ಅಂದರೆ ತುಂಬಿದ್ದನ್ನು ಎಲ್ಲಿಗೆ ಕಳಿಸಬೇಕು ಅನ್ನೋ ವಿಳಾಸ, ಖಾಲಿ ಬಿಟ್ಟಿದ್ದೆ. ಖಾಲಿ ಬಿಟ್ಟರೆ ಬ್ರೌಸರ್ ತೆರೆದಿರುವ ವಿಳಾಸಕ್ಕೇ, ಪ್ರಶ್ನೆ ಗುರುತಿನ ಬಾಲದ ಸಮೇತ, ಪೋಸ್ಟ್ ಮಾಡುತ್ತದೆ, ಅಂದರೆ ಫಾರ್ಮ್‌ನಲ್ಲಿ ತುಂಬಿದ್ದನ್ನು ಕಳಿಸುತ್ತದೆ. ಹಾಗಾಗಿ ಒಂದೇ ಸಲಕ್ಕೆ ಎರಡು ಐಡಿ ಬರುತ್ತಿದ್ದವು. ಯುಆರ್‌ಎಲ್‌ನಲ್ಲಿ 17, ಫಾರ್ಮ್‌ನಲ್ಲಿ 23. ಹೆಸರು ತೋರಿಸುವಾಗ ನನ್ನ ಕೋಡ್ ಗೆಟ್ ಅರೇಯನ್ನು, ಅಂದರೆ ಯುಆರ್‌ಎಲ್‌ನಲ್ಲಿ ಬಂದದ್ದರ ಪಟ್ಟಿಯನ್ನು, ಓದುತ್ತಿತ್ತು. ಸೇವ್ ಮಾಡುವಾಗ ರಿಕ್ವೆಸ್ಟ್ ಅರೇಯನ್ನು. ಈ ರಿಕ್ವೆಸ್ಟ್ ಅನ್ನೋದರಲ್ಲಿ ಯುಆರ್‌ಎಲ್, ಫಾರ್ಮ್ ಎರಡೂ ಕಡೆಯ ಮಾಹಿತಿ ಒಟ್ಟಿಗೆ ಬೀಳುತ್ತದೆ, ಹೆಸರು ಒಂದೇ ಆದರೆ ಕೊನೆಗೆ ಬಂದದ್ದು ಉಳಿಯುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪೋಸ್ಟ್ ಗೆಲ್ಲುತ್ತದೆ. ಕೋಲ್ಡ್‌ಫ್ಯೂಷನ್ ಅನ್ನೋ ಇನ್ನೊಂದು ವೆಬ್ ಭಾಷೆಯಲ್ಲಿ 2024ರ ತನಕ ಇದು ಉಲ್ಟಾ ಇತ್ತು. ಸ್ಕೋಪ್, ಅಂದರೆ ಎಲ್ಲಿಂದ ಬಂದದ್ದು ಅನ್ನೋದನ್ನು, ಹೇಳದೆ ಹೆಸರು ಕರೆದರೆ ಅದು ಯುಆರ್‌ಎಲ್ ನೋಡಿದ ಮೇಲೆಯೇ ಫಾರ್ಮ್ ನೋಡುತ್ತಿತ್ತು, ಮೊದಲು ಸಿಕ್ಕಿದ್ದೇ ಗೆಲ್ಲುತ್ತಿತ್ತು. ಅಲ್ಲಿ ಬರೆದು ರೂಢಿ ಇರುವವರು ಇಲ್ಲಿಗೆ ಬಂದರೆ ಎಡವೋದು ಖಂಡಿತ.

ನಾನು ಕಲಿತ ಕಾಲದ ಅಭ್ಯಾಸವೂ ಇದರಲ್ಲಿದೆ. ಹಳೇ ಪಿಎಚ್‌ಪಿಯಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಅಂತ ಇತ್ತು. ಮಾಹಿತಿ ಎಲ್ಲಿಂದ ಬಂತು ಅಂತ ಕೇಳುವ ಗೋಜೇ ಇರಲಿಲ್ಲ, ಸುಮ್ನೆ ವೇರಿಯಬಲ್ ಆಗಿ ಬಂದು ನಿಲ್ಲುತ್ತಿತ್ತು. 2002ರಲ್ಲಿ 4.2 ಆವೃತ್ತಿಯಿಂದ ಅದನ್ನು ಮೊದಲೇ ಆಫ್ ಮಾಡಿ ಕೊಡತೊಡಗಿದರು, 2012ರಲ್ಲಿ 5.4ರಲ್ಲಿ ಪೂರ್ತಿ ಕಿತ್ತುಹಾಕಿದರು. ಅದು ಹೋದರೂ ನನ್ನ ಕೈ ರಿಕ್ವೆಸ್ಟ್ ಕಡೆಗೇ ಹೋಗುತ್ತಿತ್ತು. ಅದಕ್ಕೂ ಅಪಾಯದ ಇನ್ನೊಂದು ವಿಷಯ ಅವತ್ತೇ ಓದಿದೆ. ಸೆಟ್ಟಿಂಗ್ ಫೈಲ್‌ನಲ್ಲಿ ರಿಕ್ವೆಸ್ಟ್ ಆರ್ಡರ್ ಅನ್ನೋದು ಖಾಲಿ ಇದ್ದರೆ ಕುಕೀ (ಬ್ರೌಸರ್ ಉಳಿಸಿಕೊಂಡು ಕಳಿಸುವ ಸಣ್ಣ ಮಾಹಿತಿ) ಕೂಡ ಒಳಗೆ ಬಂದು, ಪೋಸ್ಟ್ ಮೇಲೂ ಕೂರಬಹುದು!

ಕೋಡ್ ಸರಿ ಮಾಡೋದು ಒಂದು ಗಂಟೆಯ ಕೆಲಸ. ಯಾರ ಖಾತೆ ಅನ್ನೋದನ್ನು ಯುಆರ್‌ಎಲ್ ಮಾತ್ರ ಹೇಳಬೇಕು. ಎಷ್ಟು ಪೀಸ್ ಅನ್ನೋದನ್ನು ಫಾರ್ಮ್ ಮಾತ್ರ. ಡ್ರಾಪ್‌ಡೌನ್ ಅನ್ನು ಬೇರೆ ಸಣ್ಣ ಗೆಟ್ ಫಾರ್ಮ್‌ಗೆ ಹಾಕಿದೆ. ಈಗ ಅದರಲ್ಲಿ ಹೆಸರು ಬದಲಿಸಿದರೆ ಪುಟವೇ ಬದಲಾಗುತ್ತದೆ. ರಿಕ್ವೆಸ್ಟ್ ಅನ್ನೋದನ್ನು ಎಲ್ಲಾ ಫೈಲ್‌ಗಳಿಂದಲೂ ತೆಗೆದೆ. ಹಳೇ ಟ್ಯಾಬ್ ಯಾರಾದರೂ ತೆರೆದಿಟ್ಟುಕೊಂಡು ಎರಡು ಐಡಿ ಕಳಿಸಿದರೆ, ಅವು ಬೇರೆ ಬೇರೆ ಆಗಿದ್ದರೆ ಸೇವ್ ಮಾಡದೆ ನಿಲ್ಲಿಸುತ್ತದೆ. ಎರಡರಲ್ಲಿ ಒಂದನ್ನು ಕಂಪ್ಯೂಟರೇ ಆರಿಸಿಕೊಳ್ಳೋದು ಬೇಡ. ಅದು ಇನ್ನೊಬ್ಬರ ಕೂಲಿ, ಅಲ್ವಾ?

ಕಷ್ಟದ್ದು ಹಳೇ ಎಂಟ್ರಿ ಹುಡುಕೋದು. ಇಲ್ಲಿ ಸರ್ವರ್‌ನ ಆಕ್ಸೆಸ್ ಲಾಗ್, ಅಂದರೆ ಯಾವ ವಿಳಾಸ ಯಾವಾಗ ಕೇಳಿದರು ಅಂತ ಅದು ತಾನೇ ಬರೆದಿಡುವ ಪಟ್ಟಿ, ಕೈ ಹಿಡಿಯಿತು. ಪೋಸ್ಟ್‌ನಲ್ಲಿ ಬಂದ ಮಾಹಿತಿ ಅದರಲ್ಲಿ ಇರುತ್ತಿರಲಿಲ್ಲ, ಆದರೆ ವಿಳಾಸ ಬಾಲದ ಸಮೇತ ಇರುತ್ತಿತ್ತು, ಸಮಯವೂ ಇರುತ್ತಿತ್ತು. ಆ ಸಮಯವನ್ನು ಟೇಬಲ್‌ನ ಎಂಟ್ರಿಗಳ ಸಮಯದ ಜೊತೆ ಹೊಂದಿಸಿದೆ. ಲಾಗ್‌ನಲ್ಲಿ ಒಂದು ನಂಬರ್, ಟೇಬಲ್‌ನಲ್ಲಿ ಇನ್ನೊಂದು ಇರುವ ಎಂಟ್ರಿಗಳು 11 ಸಿಕ್ಕವು. ಎಲ್ಲವೂ ತಪ್ಪಲ್ಲ, ಕೆಲವು ಸಲ ಮೇಸ್ತ್ರಿ ಬೇಕಂತಲೇ ಡ್ರಾಪ್‌ಡೌನ್ ಬದಲಿಸಿದ್ದರು. ಬಂಡಲ್ ಚೀಟಿಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ನಿಜಕ್ಕೂ ತಪ್ಪಾದವು ನಾಲ್ಕು. ಎರಡು ಈ ಹಿರಿಯರವು. ಇನ್ನೆರಡು ಹಿಂದಿನ ವಾರಗಳವು, ಒಬ್ಬ ಅಕ್ಕನವು. ಆಕೆ ಲೆಕ್ಕ ಬರೆದಿಟ್ಟಿರಲಿಲ್ಲ, ಕೇಳಿಯೂ ಇರಲಿಲ್ಲ. ಮಾಲೀಕರು ಇಬ್ಬರಿಗೂ ಬಾಕಿ ಕೊಟ್ಟರು.

ಮುಂದಿನ ಶನಿವಾರ ಹಿರಿಯರು ನೇರ ನನ್ನ ಹತ್ತಿರ ಬಂದರು. "ನನ್ನ ಪುಟ ತೆಗಿ ತಮ್ಮಾ" ಅಂದರು. ನೋಟ್‌ಬುಕ್ ಅನ್ನು ಪರದೆಯ ಪಕ್ಕ ಹಿಡಿದು, ಒಂದೊಂದು ಗೆರೆಗೂ ಬೆರಳಿಟ್ಟು, ಕಳೆದ ವಾರದ್ದನ್ನು ಒಂಬತ್ತರವರೆಗೂ ಎಣಿಸಿದರು. ಆಮೇಲೆ ಈ ವಾರದ್ದು ಶುರು ಮಾಡಿದರು.