ಒಂದೇ ದಿನ, ಎರಡು ಸಾರೋಟು

ಜೂನ್ 22, 2025, ಭಾನುವಾರ

ಬೆಳಿಗ್ಗೆಯಿಂದ ಒಂದು ಹಳೇ ಫೋಟೋ ಮನಸ್ಸನ್ನು ಬಿಡುತ್ತಿಲ್ಲ. 1897ರ ಇದೇ ದಿನ ಲಂಡನ್ನಿನಲ್ಲಿ ತೆಗೆದದ್ದು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ತುಂಬಿದ್ದಕ್ಕೆ ನಡೆದ ಮೆರವಣಿಗೆ.

ಸೇಂಟ್ ಪಾಲ್ಸ್ ಚರ್ಚಿನ ಮೆಟ್ಟಿಲುಗಳ ತುಂಬ ಪಾದ್ರಿಗಳು, ಹಾಡುವವರು. ಕೆಳಗೆ ಎಂಟು ಕುದುರೆ ಕಟ್ಟಿದ ತೆರೆದ ಸಾರೋಟು. ಅದರಲ್ಲಿ ಕಪ್ಪು ಬಟ್ಟೆ ತೊಟ್ಟ 78 ವರ್ಷದ ಅಜ್ಜಿ. ಆಕೆಗೆ ಸಂಧಿವಾತ, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅದಕ್ಕೇ ಪ್ರಾರ್ಥನೆಯನ್ನೇ ಹೊರಗೆ, ಬೀದಿಯಲ್ಲಿ ಮಾಡಿದರು. ಸಾರೋಟಿನಿಂದ ಇಳಿಯದೆ ಕೂತಲ್ಲೇ ಕೇಳಿದಳು. ಸುಮಾರು 10 ಕಿಲೋಮೀಟರ್ ದಾರಿಯುದ್ದಕ್ಕೂ ಜನ ಜೈಕಾರ ಹಾಕಿದರು. ಇಂಥ ಸ್ವಾಗತ ಯಾರಿಗೂ ಸಿಕ್ಕಿರಲಾರದು ಎಂದು ತನ್ನ ದಿನಚರಿಯಲ್ಲಿ ಬರೆದುಕೊಂಡಳು. ಮೆರವಣಿಗೆಯಲ್ಲಿ ನಮ್ಮ ದೇಶದ ಕುದುರೆ ಸವಾರರೂ ಇದ್ದರು.

ನಮ್ಮಲ್ಲಿ ಆಗ ಬರ, ಜೊತೆಗೆ ಪ್ಲೇಗು. ಬೆಳಗಾವಿ, ಧಾರವಾಡ, ವಿಜಯಪುರ ಎಲ್ಲ ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಅದೇ ವರ್ಷದ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತ್ತು. ಕೊರೊನಾ ಹೊತ್ತಿನಲ್ಲಿ ನಾವೆಲ್ಲ ಹೆಸರು ಕೇಳಿದೆವಲ್ವಾ, ಅದೇ ಕಾಯ್ದೆ. ಪುಣೆಯಲ್ಲಿ ರೋಗಿಗಳನ್ನು ಹುಡುಕಲು ಸೈನಿಕರು ಮನೆ ಮನೆಗೆ ನುಗ್ಗಿದರು. ಹೆಂಗಸರ ಕೋಣೆ, ದೇವರ ಮನೆ ಯಾವುದನ್ನೂ ಬಿಡಲಿಲ್ಲ. ಆ ಕೆಲಸದ ಮುಖ್ಯಸ್ಥ ವಾಲ್ಟರ್ ರಾಂಡ್.

ಜೂನ್ 22ರ ರಾತ್ರಿ ಪುಣೆಯ ಗಣೇಶಖಿಂಡದ ಸರ್ಕಾರಿ ಭವನದಲ್ಲೂ ರಾಣಿಯ ಹೆಸರಿನಲ್ಲಿ ಔತಣ ನಡೆಯಿತು. ಅದನ್ನು ಮುಗಿಸಿಕೊಂಡು ರಾಂಡ್ ಕುದುರೆ ಗಾಡಿಯಲ್ಲಿ ವಾಪಸಾಗುತ್ತಿದ್ದ. ಮನೆ ಮನೆಗೆ ನುಗ್ಗಿದ್ದಕ್ಕೆ ಸಿಟ್ಟಾಗಿದ್ದ ಪುಣೆಯ ಯುವಕ ದಾಮೋದರ ಚಾಪೇಕರ್ ಹಿಂದಿನಿಂದ ಗಾಡಿ ಹತ್ತಿ ರಾಂಡ್‌ಗೆ ಗುಂಡು ಹಾರಿಸಿದರು. ತಮ್ಮ ಬಾಲಕೃಷ್ಣ ಜೊತೆಗಿದ್ದರು. ಹಿಂದಿನ ಗಾಡಿಯಲ್ಲಿದ್ದ ಸೇನಾಧಿಕಾರಿ ಲೆಫ್ಟಿನೆಂಟ್ ಅಯರ್ಸ್ಟ್ ಗುಂಡೇಟಿಗೆ ಸ್ಥಳದಲ್ಲೇ ಸತ್ತ. ರಾಂಡ್ ಜುಲೈ 3ರಂದು ತೀರಿಕೊಂಡ. ಮುಂದೆ ದಾಮೋದರ, ಬಾಲಕೃಷ್ಣ, ಕೊನೆಯ ತಮ್ಮ ವಾಸುದೇವ, ಮೂವರಿಗೂ ಗಲ್ಲು. ಆ ತಾಯಿಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕೇಸರಿ ಪತ್ರಿಕೆಯ ಬರಹಗಳಿಗಾಗಿ ತಿಲಕರಿಗೂ ಅದೇ ವರ್ಷ 18 ತಿಂಗಳ ಜೈಲು ಶಿಕ್ಷೆಯಾಯಿತು.

ನನಗೆ ಆ ಅಜ್ಜಿಯ ಮೇಲೆ ಸಿಟ್ಟಿಲ್ಲ. ಫೋಟೋ ಚೆನ್ನಾಗಿದೆ, ಜನರ ಖುಷಿಯೂ ನಿಜವೇ. ಆದರೆ ಅದನ್ನು ಎಲ್ಲಿ ಅಚ್ಚು ಹಾಕಿದರೂ ಕೆಳಗೆ ಬರೀ ವಜ್ರ ಮಹೋತ್ಸವ ಅಂತ ಬರೆದರೆ ಸಾಲದು. ಪುಣೆಯ ಆ ರಾತ್ರಿಯ ಬಗ್ಗೆಯೂ ಎರಡು ಸಾಲು ಇರಬೇಕು, ಅದೇ ಪುಟದಲ್ಲಿ.