ನಾಲ್ಕು ಅಧ್ಯಾಯ, ಒಂದು ಚಿಗರಿ ಬಸ್ಸು

ಹೊಸ ವರ್ಷಕ್ಕೆ ಸತ್ಯವೇದ (ಬೈಬಲ್) ಪೂರ್ತಿ ಓದುತ್ತೇನೆ ಅಂತ ಹೊರಟವರು ಎಲ್ಲಿ ನಿಲ್ಲುತ್ತಾರೆ ಅಂತ ನಮ್ಮ ಸಭೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಮೂರನೇ ಪುಸ್ತಕ, ಯಾಜಕಕಾಂಡ. ಒಟ್ಟು 1,189 ಅಧ್ಯಾಯ. ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರೋ ನಾಲ್ಕೋ ಓದಬೇಕು. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಯುವಷ್ಟರಲ್ಲಿ ಜನವರಿ ಕೊನೆ. ಆಮೇಲೆ ಹೋಮ, ಕುಷ್ಠ, ಶುದ್ಧಿಯ ನಿಯಮಗಳು. ಪುಸ್ತಕದ ರಿಬ್ಬನ್ ಅಲ್ಲೇ ಕೂತುಬಿಡುತ್ತದೆ.

ನಾನು ಫೋನಿನಲ್ಲಿ ಓದುವುದು ಬೇರೆ ಕ್ರಮ. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಯವರಿಗಾಗಿ ಮಾಡಿದ ಪಟ್ಟಿ. ದಿನಾ ನಾಲ್ಕು ಕಡೆಯಿಂದ ಓದು. ಜನವರಿ 1ಕ್ಕೆ ಆದಿಕಾಂಡ, ಎಜ್ರ, ಮತ್ತಾಯ, ಅಪೊಸ್ತಲರ ಕೃತ್ಯಗಳು, ನಾಲ್ಕರದ್ದೂ ಮೊದಲ ಅಧ್ಯಾಯ. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಯಾಜಕಕಾಂಡ ಬಂದರೂ ಜೊತೆಗೆ ಬೇರೆ ಮೂರು ಇರುತ್ತವೆ, ಹೇಗೋ ದಾಟಿಬಿಡುತ್ತೇವೆ. ಪುಸ್ತಕದಲ್ಲಿ ನಾಲ್ಕು ಕಡೆ ಚೀಟಿ ಇಡುವುದು ಕಿರಿಕಿರಿ. ಫೋನಿಗೆ ಅದೇನೂ ಅಲ್ಲ.

ನನ್ನ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಬೆಳಿಗ್ಗೆ ಸೀಟು ಸಿಕ್ಕರೆ ನಸೀಬು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಊಟದ ಬ್ಯಾಗು. ಹಾಗಾಗಿ ಉದ್ದದ ಅಧ್ಯಾಯಗಳನ್ನು ಕಿವಿಯಲ್ಲೇ ಓದುತ್ತೇನೆ.

ಸತ್ಯವೇದದ ಅರಣ್ಯಕಾಂಡದ ಏಳನೇ ಅಧ್ಯಾಯ ನೋಡಿ. 89 ವಚನ. ಇಸ್ರಾಯೇಲಿನ ಹನ್ನೆರಡು ಕುಲದ ಮುಖಂಡರು ಹನ್ನೆರಡು ದಿನ ಕಾಣಿಕೆ ತರುತ್ತಾರೆ. ಎಲ್ಲರದ್ದೂ ಅದೇ: ಬೆಳ್ಳಿಯ ತಟ್ಟೆ, ಬೆಳ್ಳಿಯ ಬಟ್ಟಲು, ಧೂಪ ತುಂಬಿದ ಚಿನ್ನದ ಪಾತ್ರೆ, ಹೋರಿ, ಟಗರು, ಕುರಿ. ‘ಉಳಿದವರೂ ಹಾಗೇ ಕೊಟ್ಟರು’ ಅಂತ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆದಿಲ್ಲ. ಕಣ್ಣಲ್ಲಿ ಓದುವಾಗ ಮೂರನೆಯವನಿಂದಲೇ ಹಾರಿಸುತ್ತೇವೆ, ಅಲ್ವಾ? ನಿಂತುಕೊಂಡು ಕೇಳುವಾಗ ಹಾರಿಸಲು ಕೈ ಖಾಲಿ ಇರುವುದಿಲ್ಲ. ಬಸ್ಸು ಸತ್ತೂರಿನಲ್ಲಿದ್ದಾಗ ಮೊದಲನೆಯವನು, ಯೆಹೂದ ಕುಲದ ನಹಶೋನ ಬಂದ. ಉಣಕಲ್ ಕೆರೆ ಕಾಣುವಾಗ ಕೊನೆಯವನು, ನಫ್ತಾಲಿ ಕುಲದ ಅಹೀರ. ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಒಂದು ತೆಂಗಿನಕಾಯಿ ತಂದವರ ಹೆಸರನ್ನೂ ಓದುತ್ತಾರೆ. ಯಾರದ್ದಾದರೂ ಬಿಟ್ಟುಹೋದರೆ ಮುಂದಿನ ವಾರ ಅವರ ಮುಖ ಊದಿರುತ್ತದೆ. ಹನ್ನೆರಡು ಸಲ ಯಾಕೆ ಹೇಳಿದರು ಅನ್ನುವುದು ನನಗೆ ತಿಳಿದದ್ದು ಬಸ್ಸಿನಲ್ಲಿ.

ಅವ್ವನ ಕಣ್ಣು ಮಂಜು. ಸಂಜೆ ಅವಳಿಗೂ ಅದೇ ಆಡಿಯೊ ಹಚ್ಚಿಕೊಡುತ್ತೇನೆ. ಒಮ್ಮೆ ಓದಿನ ವೇಗ ಒಂದೂವರೆ ಪಟ್ಟೇ ಇತ್ತು. ಅವ್ವ ಸ್ವಲ್ಪ ಹೊತ್ತು ಕೇಳಿದಳು. “ಅಂವಗ ಬಸ್ ತಪ್ಪತೈತೇನೋ? ಸಾವಕಾಶ ಓದು ಅಂತ ಹೇಳು” ಅಂದಳು. ಆಫೀಸಿನ ಮೀಟಿಂಗ್ ರೆಕಾರ್ಡಿಂಗ್‌ಗೆ ಆ ವೇಗ ಇರಲಿ, ಕೀರ್ತನೆಗೆ ಬೇಡ.

ನನಗೆ ಸೇರದ್ದು ಒಂದೇ, ಎಣಿಕೆ. ಇಂಥ ಆಪ್‌ಗಳು ‘ಸತತ ಇಷ್ಟು ದಿನ’ ಅಂತ ಲೆಕ್ಕ ಇಡುತ್ತವೆ, ಬ್ಯಾಡ್ಜ್ ಕೊಡುತ್ತವೆ. ರಾತ್ರಿ ಹನ್ನೊಂದೂವರೆಗೆ ಆಪ್ ತೆರೆದು ಮುಚ್ಚಿ ಸರಣಿ ಉಳಿಸಿಕೊಂಡವರು ನನಗೆ ಗೊತ್ತು. ಮಜಾ ಅಂದರೆ, ಮೆಕ್‌ಚೇನ್ ತನ್ನ ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಬರೆದಿದ್ದ. ಓದು ಬರೀ ಶಾಸ್ತ್ರಕ್ಕೆ ಆಗಿಬಿಡಬಹುದು. ನನ್ನ ಪಾಲು ಮುಗಿಸಿದೆ ಅನ್ನುವ ಸೊಕ್ಕು ಬರಬಹುದು. ಗಮನವಿಲ್ಲದೆ ಓಡಿಸಬಹುದು. ಕೆಲವರಿಗೆ ಹೊರಲಾರದ ನೊಗವೇ ಆಗಬಹುದು. ಇದನ್ನು ಬರೆದಾಗ ಅವನಿಗೆ 29. 1843ಕ್ಕೆ ಅಂತ ಮಾಡಿದ ಪಟ್ಟಿ, ಅದೇ ವರ್ಷದ ಮಾರ್ಚಿನಲ್ಲಿ ತೀರಿಕೊಂಡ. ಪಟ್ಟಿ ಫೋನಿಗೆ ಸಲೀಸಾಗಿ ಬಂತು, ಆ ಎಚ್ಚರಿಕೆಯ ಮಾತು ನನಗಂತೂ ಯಾವ ಆಪ್‌ನಲ್ಲೂ ಸಿಕ್ಕಿಲ್ಲ.

ಹಾಗಾಗಿ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿದ್ದೇನೆ. ದಿನ ತಪ್ಪಿದರೆ ಹಿಂದಿನದನ್ನು ಒಮ್ಮೆಲೇ ನುಂಗುವುದಿಲ್ಲ, ಪಟ್ಟಿಯ ತಾರೀಖನ್ನೇ ಮುಂದಕ್ಕೆ ಸರಿಸುತ್ತೇನೆ. ಡಿಸೆಂಬರ್ 31ಕ್ಕೆ ಮುಗಿಯದಿದ್ದರೆ ಯಾರೂ ದಂಡ ಹಾಕುವುದಿಲ್ಲವಲ್ಲ. ಭಾನುವಾರದ ಆರಾಧನೆಗೆ ಮಾತ್ರ ದಪ್ಪ ಪುಸ್ತಕವೇ. ಫೋನ್ ಹಿಡಿದರೆ ಪ್ರಸಂಗದ ನಡುವೆ ಯಾರದೋ ಗುಡ್ ಮಾರ್ನಿಂಗ್ ಚಿತ್ರ ಬರುತ್ತದೆ, ಪಕ್ಕದವರೂ ನೋಡುತ್ತಾರೆ.

ಪುಣೆಯಲ್ಲಿರುವ ತಮ್ಮನೂ ನನ್ನ ಜೊತೆ ಇದೇ ಪಟ್ಟಿ ಓದುತ್ತಾನೆ. ಒಬ್ಬರು ಓದಿದ್ದು ಇನ್ನೊಬ್ಬರಿಗೆ ಕಾಣುತ್ತದೆ. ‘ನಿನ್ನೆ ಯಾಕೆ ಓದಿಲ್ಲ’ ಅಂತ ಕೇಳಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಪ್ರಶ್ನೆ ಇದ್ದರೆ ಮಾತ್ರ ಬರೆಯಬೇಕು. ಹೋದ ವಾರ ಅವನು ಬರೆದದ್ದು: “ಯೋಬ ಎಲ್ಲ ಕಳಕೊಂಡಾಗ ಅವನ ಗೆಳೆಯರು ಏಳು ದಿನ ಸುಮ್ನೆ ಜೊತೆಗೆ ಕೂತಿದ್ದರಲ್ಲ ಅಣ್ಣಾ, ಅಷ್ಟಕ್ಕೇ ಎದ್ದು ಹೋಗಬಾರದಿತ್ತಾ?” ನಾನಿನ್ನೂ ಉತ್ತರ ಬರೆದಿಲ್ಲ. ಸದ್ಯ ಬಸ್ಸಿನಲ್ಲಿ, ಆ ಗೆಳೆಯರಲ್ಲಿ ಮೊದಲು ಬಾಯಿ ತೆರೆದ ಎಲೀಫಜನ ಮಾತೇ ಮುಗಿದಿಲ್ಲ.