ಅಪ್ಪನ ಬೈನಾಕ್ಯುಲರ್, ಮಗನ ವಾರಂಟಿ

ಬೈನಾಕ್ಯುಲರ್ ಕೊಳ್ಳಲು ಬಂದವರು ನಮ್ಮ ಕೌಂಟರಿನಲ್ಲಿ ಮೊದಲು ಕೇಳುವುದು ‘ಎಷ್ಟು ದೂರ ಕಾಣತ್ತೆ?’ ಆಮೇಲೆ ‘ವಾರಂಟಿ ಎಷ್ಟು ವರ್ಷ?’ ಮೊದಲನೆಯದಕ್ಕೆ ಯಜಮಾನರು ‘ಚಂದ್ರನೇ ಕಾಣ್ತಾನೆ ತಗೊಳ್ಳಿ’ ಎಂದು ನಗುತ್ತಾರೆ. ಎರಡನೆಯದನ್ನು ಹಿಂದಿನ ಟೇಬಲ್ಲಿಗೆ ದಾಟಿಸುತ್ತಾರೆ. ಹಿಂದಿನ ಟೇಬಲ್ ಅಂದರೆ ನಾನು. ಶಿವಮೊಗ್ಗ ದುರ್ಗಿಗುಡಿಯ ಈ ಅಂಗಡಿಯಲ್ಲಿ ಲೆನ್ಸ್, ಬೈನಾಕ್ಯುಲರ್, ಮದುವೆ ಮನೆಯವರ ಫ್ಲ್ಯಾಶ್, ಎಲ್ಲದರ ಹೊಟ್ಟೆ ಬಿಚ್ಚುವವನು ನಾನೇ.

ಬಿಚ್ಚುವವನಿಗೆ ವಾರಂಟಿಯ ಮೇಲೆ ಗೌರವ ಕಡಿಮೆ. ಕಾರ್ಡ್ ಹಿಡಿದು ಬೆಂಗಳೂರಿನ ಸರ್ವೀಸ್ ಸೆಂಟರಿಗೆ ಅಲೆದು ಸುಸ್ತಾದವರೇ ಕೊನೆಗೆ ನನ್ನ ಹತ್ತಿರ ಬರುವುದು. ವಾರಂಟಿಯಲ್ಲೇ ಕೆಲಸ ಆದವರು ನನಗೆ ಕಾಣಿಸುವುದೇ ಇಲ್ಲವಲ್ಲ! ಹಾಗಾಗಿ ‘ವಾರಂಟಿ ಗಿರಂಟಿ ಎಲ್ಲ ಡಬ್ಬದೊಳಗಿನ ಕಾಗದ ಸ್ವಾಮಿ’ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರುವ ತನಕ.

ಜಡಿ ಮಳೆ ಹಿಡಿದಿತ್ತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಸುವ ಹೊತ್ತು. ಅವರು ಪ್ಲಾಸ್ಟಿಕ್ ಕೊಟ್ಟೆಯೊಳಗಿಂದ ಪೇಪರ್ ಸುತ್ತಿದ ಡಬ್ಬ ತೆಗೆದರು. ಪೇಪರ್ ಬಿಚ್ಚಿದರೆ ಡಬ್ಬದ ಮೇಲೆ ಕವಲು ಕೊಂಬಿನ ದೊಡ್ಡ ಜಿಂಕೆಯ ಚಿತ್ರ. ‘ಶಿಕಾರಿಯವರದ್ದು ಮಾರಾಯಾ, ಮಗ ಅಮೆರಿಕದಿಂದ ತಂದು ಕೊಟ್ಟಿದ್ದು. ಫಾರೆಸ್ಟಿನವರು ಕಂಡ್ರೆ ಕಷ್ಟ ಅಂತ ಸುತ್ತಿ ತಂದೆ’ ಅಂದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅನ್ನುವುದು ಅಜ್ಜಂದಿರ ಬಾಯಲ್ಲಿ ಮಾತ್ರ ಉಳಿದ ಕಥೆ. ಬೈನಾಕ್ಯುಲರ್ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಹೇಳಿದರೂ ಅವರಿಗೆ ಪೂರ್ತಿ ಧೈರ್ಯ ಬರಲಿಲ್ಲ, ಡಬ್ಬವನ್ನು ಬೋರಲು ಹಾಕಿಯೇ ಇಟ್ಟರು.

ಅವರು ಅದರಲ್ಲಿ ನೋಡುತ್ತಿದ್ದದ್ದು ಜಿಂಕೆಯನ್ನಲ್ಲ, ಕೊನೆಗಾರನನ್ನು. ಅಡಿಕೆ ಮರ ಹತ್ತಿದವನು ಎಲ್ಲ ಕೊನೆಗೂ, ಅಂದರೆ ಗೊನೆಗೂ, ಔಷಧಿ ಹೊಡೆದನೋ, ಎರಡು ಕೊನೆ ಬಿಟ್ಟು ಪಕ್ಕದ ಮರಕ್ಕೆ ದಾಟಿದನೋ ಎಂದು ಕೆಳಗೆ ನಿಂತು ಪರೀಕ್ಷಿಸುವುದು. ಮೈಲುತುತ್ತದ ನೀಲಿ ಕಂಡರೆ ಸರಿ, ಕಾಣದಿದ್ದರೆ ಅಲ್ಲಿಂದಲೇ ಕೂಗು. ಹುಡುಗರಿಗೆ ಆ ಯಂತ್ರದ ಮೇಲೆ ಎಷ್ಟು ಸಿಟ್ಟಿತ್ತೋ ಗೊತ್ತಿಲ್ಲ, ಒಂದು ದಿನ ಅದು ಜಗಲಿಯ ಕಟ್ಟೆಯಿಂದ ಅಂಗಳದ ಕಲ್ಲಿಗೆ ಬಿತ್ತು. ಅಲ್ಲಿಂದ ಒಂದು ಕೊನೆ ಎರಡಾಗಿ ಕಾಣತೊಡಗಿತು. ‘ಫಸಲು ಡಬಲ್ ಆತು ಅಂತ ಖುಷಿ ಪಟ್ಟೆ, ಆಮೇಲೆ ತಲೆನೋವು ಶುರುವಾತು.’ ಮನೆಯವರು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದರು. ಡಾಕ್ಟರು ಕಣ್ಣು ಸರಿ ಇದೆ ಅಂದಿದ್ದರು.

ಕಾಲಿಮೇಷನ್, ಅಂದರೆ ಎರಡು ನಳಿಗೆಗಳ ನೇರ ಹೊಂದಾಣಿಕೆ, ಹೋಗಿದೆ ಎಂದು ಹೇಳಲು ಒಂದು ನೋಟ ಸಾಕು. 10×42 (ಹತ್ತು ಪಟ್ಟು ದೊಡ್ಡದು ಮಾಡುವ, 42 ಮಿಲಿಮೀಟರ್ ಮುಂಗಾಜಿನದು), ನೇರ ನಳಿಗೆಯ ರೂಫ್ ಪ್ರಿಸಂ, ಒಳಗೆ ಹಬೆ ಕಟ್ಟದಂತೆ ನೈಟ್ರೋಜನ್ ತುಂಬಿದ್ದು. ಬಾಗಿಲಲ್ಲಿ ನಿಂತು ಮೊಬೈಲ್ ಟವರಿನ ಅಡ್ಡಪಟ್ಟಿ ನೋಡಿದರೆ ಬಲಗಣ್ಣಿನದು ಒಂದು ಬೆರಳು ಮೇಲೆ. ಎಡ-ಬಲ ಸ್ವಲ್ಪ ಜರುಗಿದರೆ ಕಣ್ಣು ಹೊಂದಿಸಿಕೊಂಡುಬಿಡುತ್ತದೆ. ಮೇಲೆ-ಕೆಳಗಾದರೆ ಸಹಿಸುವುದಿಲ್ಲ, ಹತ್ತು ನಿಮಿಷಕ್ಕೆ ಹಣೆ ಹಿಡಿಯುತ್ತದೆ.

‘ಇದಕ್ಕೆ ವಾರಂಟಿ ಉಂಟಂತೆ, ಮಗ ಹೇಳ್ತಿದ್ದ’ ಎಂದು ಅವರು ಅಂದದ್ದು ನಿಜ. ನಾನು ಅದಕ್ಕೆ ‘ಅಮೆರಿಕದ ವಾರಂಟಿ ಆಗುಂಬೆ ಘಾಟಿ ಹತ್ತಿ ಬರತ್ತಾ ಸಾರ್?’ ಅಂದೆ. ಯಜಮಾನರು ನಕ್ಕರು. ಅವರೂ ನಕ್ಕರು. ಡಬ್ಬದೊಳಗಿನ ಕಾಗದವನ್ನು ನಾನು ಮುಟ್ಟಲೂ ಇಲ್ಲ.

ರಬ್ಬರ್ ಆರ್ಮರಿನ ಅಂಚು ಎಬ್ಬಿಸಿದೆ. ಪ್ರಿಸಂ ಸ್ಕ್ರೂ ಮೇಲೆ ಸೀಲೆಂಟ್ ತುಂಬಿತ್ತು, ಕೆರೆದೆ. ಸೂಜಿಯ ಮೊನೆಯಲ್ಲಿ ಆ ಕಪ್ಪು ಪುಡಿ ಉದುರುವಾಗಲೇ ಕೈ ನಿಲ್ಲಬೇಕಿತ್ತು. ಒಳಗಿನ ನೈಟ್ರೋಜನ್ನಿಗೂ ನಮ್ಮ ಆಷಾಢದ ಗಾಳಿಗೂ ನಡುವೆ ಇದ್ದದ್ದು ಅದೊಂದೇ. ಒಳಗಿನ ಗಾಳಿ ಹೊರಹಾಕಿ ಮತ್ತೆ ನೈಟ್ರೋಜನ್ ತುಂಬಲು ನಮ್ಮಲ್ಲಿ ಸಿಲಿಂಡರ್ ಇಲ್ಲ. ನಳಿಗೆಗಳ ಹೊಂದಾಣಿಕೆ ಅಳೆಯುವ ಕಾಲಿಮೇಟರೂ ಇಲ್ಲ. ಕೇಳಿ ಕೇಳಿ ಸಾಕಾಗಿದೆ. ಕೌಂಟರಿಗೆ ಎಲ್‌ಇಡಿ ಬೋರ್ಡ್ ಹಾಕಿಸಲು ದುಡ್ಡಿದೆ, ಅದರ ಮೇಲೆ ‘ಎಲ್ಲಾ ಬ್ರಾಂಡ್ ಬೈನಾಕ್ಯುಲರ್ ರಿಪೇರಿ’ ಎಂದು ಓಡುತ್ತಿರುತ್ತದೆ, ರಿಪೇರಿಗೆ ಬೇಕಾದ ಸಾಮಾನಿಗೆ ಮಾತ್ರ ‘ಮುಂದಿನ ಸೀಸನ್ ನೋಡೋಣ’.

ಸ್ಕ್ರೂ ಕಾಲು ಸುತ್ತು, ಮತ್ತೆ ಅರೆಕಾಲು. ಟವರಿನ ಪಟ್ಟಿ ಒಂದಾಯಿತು. ಎಷ್ಟು ಚಂದ ಕೂತಿತ್ತೆಂದರೆ ಪಟ್ಟಿಯ ನಟ್ಟು ಎಣಿಸಬಹುದಿತ್ತು. ಹೆಮ್ಮೆಯಿಂದಲೇ ಅವರ ಕೈಗೆ ಕೊಟ್ಟೆ.

ಅವರು ಎರಡು ನಳಿಗೆ ಜೋಡಿಸುವ ಹಿಂಜು ಅಗಲಿಸಿ ತಮ್ಮ ಕಣ್ಣಿಗೆ ಹೊಂದಿಸಿಕೊಂಡರು. ನೋಡಿದರು. ಇಳಿಸಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

‘ಅಲ್ಲ ಮಾರಾಯಾ, ಇಲ್ಲಿ ಎರಡು ಟವರ್ ಉಂಟಾ?’

ಬೆನ್ನಲ್ಲಿ ಬೆವರು ಇಳಿದದ್ದು ಆಗ. ಕಾಲಿಮೇಟರ್ ಇಲ್ಲದೆ ಬರೀ ಕಣ್ಣಳತೆಯಲ್ಲಿ ಸ್ಕ್ರೂ ತಿರುಗಿಸಿದರೆ ಎರಡು ನಳಿಗೆಗಳು ಒಂದಕ್ಕೊಂದು ಹೊಂದಬಹುದು, ಹಿಂಜಿನ ಅಕ್ಷಕ್ಕೆ ಹೊಂದಿರುವುದಿಲ್ಲ. ನನ್ನ ಕಣ್ಣುಗಳ ನಡುವಿನ ಅಂತರಕ್ಕೆ ಸರಿ. ಅವರದು ಅಗಲ ಮುಖ. ಹಿಂಜು ಅಗಲಿಸಿದ ಕೂಡಲೇ ಮತ್ತೆ ಜರುಗಿತು. ಇದು ನನಗೆ ಗೊತ್ತಿರದ ವಿಷಯವಲ್ಲ, ಅಂಗಡಿಯ ಹುಡುಗರಿಗೆ ನಾನೇ ಪಾಠ ಮಾಡಿದ್ದೇನೆ. ಹಿಂಜನ್ನು ಅವರ ಅಳತೆಗೆ ಇಟ್ಟು ಮತ್ತೆ ಸ್ಕ್ರೂ ಹಿಡಿದು ಕೂತೆ. ಆ ಅಳತೆಯಲ್ಲಿ ನನಗೆ ಒಂದೊಂದೇ ಕಣ್ಣು ಹಾಕಿ ನೋಡಬೇಕು. ಅವರು ನೋಡುವುದು, ‘ಇನ್ನೊಂಚೂರು’ ಅನ್ನುವುದು, ನಾನು ತಿರುಗಿಸುವುದು. ಯಜಮಾನರು ಗಲ್ಲಾದಿಂದ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು. ಯಜಮಾನರು ಬೆನ್ನ ಹಿಂದೆ ನಿಂತರೆ ಕೈ ನಡುಗುತ್ತದೆ ಎಂದು ಅವರಿಗೆ ಇವತ್ತಿಗೂ ತಿಳಿದಿಲ್ಲ.

ಅಷ್ಟರಲ್ಲಿ ಮಗನ ವಿಡಿಯೋ ಕಾಲ್ ಬಂತು. ಅಪ್ಪ ಖುಷಿಯಿಂದ ಫೋನನ್ನು ನನ್ನ ಟೇಬಲ್ ಕಡೆ ತಿರುಗಿಸಿದರು. ‘ನೋಡು, ರಿಪೇರಿ ಆಗ್ತಾ ಉಂಟು.’

ಪರದೆಯಲ್ಲಿ ಆ ಹುಡುಗನಿಗೆ ಕಂಡದ್ದು ಎಬ್ಬಿಸಿದ ರಬ್ಬರ್, ಕೆರೆದ ಸೀಲೆಂಟಿನ ಪುಡಿ ಮತ್ತು ಸ್ಕ್ರೂಡ್ರೈವರ್ ಹಿಡಿದ ನಾನು. ‘ಓಪನ್ ಮಾಡಿದ್ರಾ?’ ಎಂದ. ಯಾರೂ ಮಾತಾಡಲಿಲ್ಲ. ‘ಅಪ್ಪಾ, ಅದು ಲೈಫ್‌ಟೈಮ್ ವಾರಂಟಿ. ಬಿದ್ದು ಒಡೆದ್ರೂ ಹೊಸದು ಕೊಡ್ತಾರೆ. ಬಿಲ್ಲೂ ಬೇಡ. ದೀಪಾವಳಿಗೆ ಬರ್ತೀನಿ, ಬಂದಾಗ ತಗೊಂಡು ಹೋಗ್ತಿದ್ದೆ.’ ಅವನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

ಆಮೇಲೆ ಕಾಗದ ಬಿಡಿಸಿ ಓದಿದೆ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಬೇರೆಯವರು ಬಿಚ್ಚಿದ್ದರೆ ಅನ್ವಯಿಸುವುದಿಲ್ಲ ಎಂಬ ಸಾಲೂ ಅಲ್ಲೇ ಇತ್ತು. ದೀಪಾವಳಿಗೆ ಬಂದವನು ಒಯ್ದ. ಕಂಪನಿ ಅದೇ ಸಾಲು ತೋರಿಸಿ ದುಡ್ಡು ಕೊಟ್ಟರೆ ರಿಪೇರಿ ಅಂದಿತು. ಯಜಮಾನರು ನನ್ನ ಸಂಬಳದ ಕಡೆ ಒಮ್ಮೆ ನೋಡಿ, ಗಿರಾಕಿಯ ಹತ್ತಿರ ಸರ್ವೀಸ್ ಚಾರ್ಜ್ ತಗೊಂಡಿಲ್ಲ ಎಂಬುದನ್ನೇ ದೊಡ್ಡ ಪರಿಹಾರ ಎಂದು ತೀರ್ಮಾನಿಸಿದರು.

ಹಾಗಂತ ವಾರಂಟಿ ನೋಡಿಯೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬೇಟೆಯವರಿಗೆ ಮಾಡಿದ ಸಾಮಾನಿಗೆ ಹೊರದೇಶದಲ್ಲಿ ಇಂಥ ವಾರಂಟಿ ಹೊಸದೇನಲ್ಲ. ಅಮೆರಿಕದ ವೋರ್ಟೆಕ್ಸ್ ಕಂಪನಿಯ ವಿಐಪಿ ವಾರಂಟಿ ಪ್ರಕಾರ ತಪ್ಪು ಯಾರದಾದರೂ ಚಿಂತೆಯಿಲ್ಲ, ರಶೀದಿ ಬೇಡ, ಕೈ ಬದಲಾದರೂ ನಡೆಯುತ್ತದೆ. ಕಳೆದರೆ, ಕಳುವಾದರೆ, ಬೇಕೆಂದೇ ಕೆಡಿಸಿದರೆ, ಬರೀ ಗೀರು ಬಿದ್ದರೆ ಇಲ್ಲ. ಅಲ್ಲಿಯದೇ ಲ್ಯೂಪೋಲ್ಡ್ ಕಂಪನಿಯ ಸ್ಕೋಪುಗಳಿಗೂ ಆಜೀವ ಗ್ಯಾರಂಟಿ ಇದೆ, ಮೊದಲ ಮಾಲೀಕರೇ ಆಗಿರಬೇಕೆಂದಿಲ್ಲ. (ಮೇಲಿನ ಬೈನಾಕ್ಯುಲರ್ ಇವರಿಬ್ಬರದ್ದೂ ಅಲ್ಲ.) ಕೋವಿಯ ಮೇಲೆ ಕೂತು ಹೊಡೆತ ತಿನ್ನುವ ಸ್ಕೋಪಿಗೆ ಅಂಥ ಮಾತು ಬೇಕೇ ಬೇಕು. ಸ್ಪ್ರಿಂಗ್ ಏರ್‌ಗನ್ನಂತೂ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುತ್ತದೆ. ಹಿಂದಿನ ಒದೆತಕ್ಕಷ್ಟೇ ಮಾಡಿದ ಸ್ಕೋಪಿನ ರೆಟಿಕಲ್ (ಗುರಿ ಹಿಡಿಯುವ ಗೀಟು) ಅದರಲ್ಲಿ ಕಳಚಿ ಬೀಳುವುದನ್ನು ನಾನೇ ಕಂಡಿದ್ದೇನೆ.

ಆದರೆ ನಮ್ಮ ಕಡೆ ಸಾಮಾನು ಸಾಯುವುದು ಹೊಡೆತಕ್ಕಲ್ಲ, ಬೂಷ್ಟಿಗೆ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಅಲ್ಲಿಯ ಹೋಂಸ್ಟೇ ಗೈಡುಗಳು ಸೆಪ್ಟೆಂಬರಿನಲ್ಲಿ ತರುವ ಬೈನಾಕ್ಯುಲರ್ ಒಳಗೆ ಜೇಡರ ಬಲೆ ಕಟ್ಟಿದಂತೆ ಫಂಗಸ್. ಹೆಚ್ಚಿನವರ ವಾರಂಟಿ ಫಂಗಸ್ಸಿಗೆ ಇಲ್ಲ ಎಂದು ಕಾರ್ಡಿನ ಹಿಂಬದಿಯ ಸಣ್ಣಕ್ಷರ ಓದಿದವರಿಗೆ ಗೊತ್ತು. ಅದು ಗಾಜಿನ ಮೇಲಿನ ಕೋಟಿಂಗ್ ತಿಂದ ಮೇಲೆ ನಾನೂ ಏನೂ ಮಾಡಲಾರೆ. ಡಬ್ಬದ ಜೊತೆ ಬರುವ ಆ ಚಂದದ ಚರ್ಮದ ಕೇಸಿನಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕುವುದೇ ಮೊದಲ ತಪ್ಪು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಬಣ್ಣ ತಿರುಗಿದಾಗ ಒಲೆಯ ಹತ್ತಿರ ಒಣಗಿಸಿ ಮತ್ತೆ ಹಾಕುವುದು. ಐದು ವರ್ಷದ ವಾರಂಟಿಗೆಂದು ಜಾಸ್ತಿ ಕೊಡುವ ದುಡ್ಡಿನ ಹತ್ತರಲ್ಲೊಂದು ಪಾಲು ಇದಕ್ಕೆ ಸಾಕು.

ಇನ್ನು ಹೊರದೇಶದ ವಾರಂಟಿ ಇದ್ದರೂ ಒಯ್ಯಲು ಮಗನೋ ಅಳಿಯನೋ ಬೇಕು. ಕೊರಿಯರಿನಲ್ಲಿ ಕಳಿಸುವುದಾದರೆ ‘ದುರಸ್ತಿಗೆ ಹೋಗಿ ವಾಪಸು ಬರುವುದು’ ಎಂದು ಹೋಗುವಾಗಲೇ ಕಾಗದ ಮಾಡಿಸಿರಬೇಕು. ಇಲ್ಲದಿದ್ದರೆ ಪುಕ್ಕಟೆ ರಿಪೇರಿಯಾದದ್ದು ವಾಪಸು ಬರುವಾಗ ಹೊಸ ಸಾಮಾನಿನ ಹಾಗೆ ಸುಂಕ ಕೇಳುತ್ತದೆ. ಹಾಗಾಗಿ ಈಗ ಯಾರಾದರೂ ಎಷ್ಟು ವರ್ಷ ಎಂದು ಕೇಳಿದರೆ, ಕೆಟ್ಟರೆ ಯಾರು ಒಯ್ಯುತ್ತಾರೆ ಎಂದು ತಿರುಗಿ ಕೇಳುತ್ತೇನೆ. ಯಜಮಾನರಿಗೆ ಇದು ಇಷ್ಟವಿಲ್ಲ, ವ್ಯಾಪಾರ ಮುರಿಯುತ್ತೀಯ ಅನ್ನುತ್ತಾರೆ.

ರಿಪೇರಿಗೆ ಬಂದದ್ದನ್ನು ಮಾತ್ರ ಕಾರ್ಡ್ ಓದದೆ ಬಿಚ್ಚುವುದಿಲ್ಲ. ಜಾಬ್ ಕಾರ್ಡಿನಲ್ಲಿ ವಾರಂಟಿಗೊಂದು ಕಾಲಂ ಹಾಕಿಸಿ ಎಂದರೆ, ಬಿಲ್ಲಿಂಗ್ ಸಾಫ್ಟ್‌ವೇರಿನವನು ಅದಕ್ಕೆ ಬೇರೆ ದುಡ್ಡು ಕೇಳಿದನಂತೆ. ಖಾಲಿ ಬಿದ್ದಿದ್ದದ್ದು ‘ಬಣ್ಣ’ ಎಂಬ ಕಾಲಂ ಒಂದೇ. ಅದರಲ್ಲೇ ಬರೆಯುತ್ತಿದ್ದೇನೆ. ಮೊನ್ನೆ ಲೆಕ್ಕ ನೋಡಲು ಬಂದ ಆಡಿಟರು ಪ್ರಿಂಟೌಟ್ ಹಿಡಿದು ಯಜಮಾನರನ್ನು ಕೇಳುತ್ತಿದ್ದರು: ‘ಇದೆಂಥ ಬಣ್ಣ ಸಾರ್, ಹಸಿರು, ಕಪ್ಪು, ಕಪ್ಪು, ಮಗ ಬರೋ ತನಕ ಮುಟ್ಟಬೇಡಿ?’